ಕವರ್ ಬೇಡ ಎನ್ನುವ ಮೊದಲು: ಮನೆಯಲ್ಲಿ ಏಕಬಳಕೆ ಪ್ಲಾಸ್ಟಿಕ್ ತಗ್ಗಿಸುವ ಕ್ರಮ

ಪ್ಲಾಸ್ಟಿಕ್ ಕವರ್ ಬೇಡವೆನ್ನುವ ನಿರ್ಧಾರವನ್ನು ತರಕಾರಿ ಅಂಗಡಿಯ ಮುಂದೆ ನಿಂತು ಮಾಡಲು ಬರುವುದಿಲ್ಲ. ಅಷ್ಟು ಹೊತ್ತಿಗೆ ಟೊಮೆಟೊ ತಕ್ಕಡಿಯಲ್ಲಿರುತ್ತದೆ, ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ, ಅಂಗಡಿಯವರು ಬಾಯಿಂದ ಊದಿ ಕವರನ್ನು ಬಿಡಿಸಿಯೂ ಆಗಿರುತ್ತದೆ. ಕೈಯಲ್ಲಿ ಚೀಲವಿಲ್ಲದ ಮೇಲೆ ಮನಸ್ಸು ಎಷ್ಟು ಒಳ್ಳೆಯದಿದ್ದರೂ ಆ ಗಳಿಗೆಯಲ್ಲಿ ಉಪಯೋಗಕ್ಕೆ ಬಾರದು. ಆದ್ದರಿಂದ ಈ ಬರಹದಲ್ಲಿ ಹೇಳುವ ಬಹುಪಾಲು ಕೆಲಸಗಳು ಮನೆಯಿಂದ ಹೊರಡುವ ಮೊದಲು ಅಥವಾ ಅಡುಗೆಯವರಿಗೆ ಮುಂಗಡ ಕೊಡುವ ಮೊದಲು ಮಾಡಿಕೊಳ್ಳಬೇಕಾದವು.

ಕಾನೂನು ಏನನ್ನು ತಡೆದಿದೆ, ಏನನ್ನು ಬಿಟ್ಟಿದೆ ಎಂಬುದನ್ನು ಮೊದಲು ತಿಳಿದಿರುವುದು ಒಳ್ಳೆಯದು. ಕರ್ನಾಟಕ ಸರ್ಕಾರವು 2016ರ ಮಾರ್ಚ್ 11ರ ಅಧಿಸೂಚನೆಯ ಮೂಲಕ ಕ್ಯಾರಿಬ್ಯಾಗ್, ಫ್ಲೆಕ್ಸ್, ಬ್ಯಾನರ್, ತಟ್ಟೆ, ಲೋಟ, ಚಮಚ ಮೊದಲಾದ ಪ್ಲಾಸ್ಟಿಕ್ ಮತ್ತು ಥರ್ಮೋಕೋಲ್ ವಸ್ತುಗಳನ್ನು ರಾಜ್ಯದಾದ್ಯಂತ ನಿಷೇಧಿಸಿತು. ಆ ಬಳಿಕ 2022ರ ಜುಲೈ 1ರಿಂದ ಕೇಂದ್ರ ಸರ್ಕಾರವು ಸ್ಟ್ರಾ, ಪ್ಲಾಸ್ಟಿಕ್ ಕಡ್ಡಿಯ ಇಯರ್ ಬಡ್, ಬಲೂನಿನ ಕಡ್ಡಿ, ಅಲಂಕಾರದ ಥರ್ಮೋಕೋಲ್, ಸಿಹಿತಿಂಡಿಯ ಡಬ್ಬಿಗೆ ಸುತ್ತುವ ತೆಳು ಹಾಳೆ ಇತ್ಯಾದಿಗಳನ್ನು ದೇಶದಾದ್ಯಂತ ನಿಷೇಧಿಸಿತು. ಕ್ಯಾರಿಬ್ಯಾಗಿನ ದಪ್ಪ ಕನಿಷ್ಠ 120 ಮೈಕ್ರಾನ್ ಇರಬೇಕೆಂಬ ಕೇಂದ್ರದ ನಿಯಮವು ಅದೇ ವರ್ಷದ ಡಿಸೆಂಬರ್ 31ರಿಂದ ಜಾರಿಗೆ ಬಂದಿತು. ಹಾಲಿನ ಪ್ಯಾಕೆಟ್, ಬಿಸ್ಕತ್ತಿನ ಪೊಟ್ಟಣ, ಶಾಂಪೂ ಸ್ಯಾಶೆ, ನೀರಿನ ಬಾಟಲಿಗಳು ಈ ಪಟ್ಟಿಯಲ್ಲಿಲ್ಲ. ನಿಷೇಧಿತ ಕವರುಗಳೂ ಸಂತೆಯಲ್ಲಿ ಇಂದಿಗೂ ಸಿಗುತ್ತಿವೆ. ಹೀಗೆ ಕಾನೂನು ಮುಟ್ಟದ್ದನ್ನೂ ಮುಟ್ಟಿಯೂ ನಿಲ್ಲಿಸಲಾಗದ್ದನ್ನೂ ಮನೆಯವರೇ ನೋಡಿಕೊಳ್ಳಬೇಕಾಗಿದೆ.

ಮೊದಲ ವಾರ: ಬರಿಯ ಎಣಿಕೆ

ಆರಂಭದಲ್ಲಿ ಏನನ್ನೂ ಬದಲಿಸಬೇಡಿ. ಒಂದು ಹಳೆಯ ಅಕ್ಕಿ ಚೀಲವನ್ನು ಹಿತ್ತಿಲಲ್ಲೋ ಬಾಲ್ಕನಿಯಲ್ಲೋ ಇಟ್ಟು, ಏಳು ದಿನ ಮನೆಗೆ ಬಂದ ಪ್ರತಿಯೊಂದು ಪ್ಲಾಸ್ಟಿಕ್ ಹೊದಿಕೆಯನ್ನೂ ತೊಳೆದು ಒಣಗಿಸಿ ಅದರೊಳಗೆ ಹಾಕಿ. ಭಾನುವಾರ ಅದನ್ನು ಹಳೆಯ ಪತ್ರಿಕೆಯ ಮೇಲೆ ಸುರಿದು ಗುಡ್ಡೆ ಮಾಡಿ: ಹಾಲು ಮೊಸರಿನದು ಒಂದು ಕಡೆ, ತರಕಾರಿ ಮತ್ತು ಹೂವಿನ ಕವರುಗಳು ಇನ್ನೊಂದು ಕಡೆ, ದಿನಸಿ, ಹೋಟೆಲ್ ಪಾರ್ಸೆಲ್, ಕುರುಕಲು ತಿಂಡಿ, ಬಚ್ಚಲುಮನೆಯ ಸಾಮಾನು ಬೇರೆ ಬೇರೆ. ತೂಕ ನೋಡದೆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಒಂದು ಶಾಂಪೂ ಬಾಟಲಿಯು ಹತ್ತಾರು ತೆಳು ಕವರುಗಳಿಗಿಂತ ಭಾರವಾಗಿರಬಹುದು, ಆದರೆ ಗಾಳಿಗೆ ಹಾರಿ ಚರಂಡಿ ಸೇರುವುದು, ದನದ ಹೊಟ್ಟೆ ಸೇರುವುದು ಆ ತೆಳು ಕವರುಗಳೇ.

ಈ ಎಣಿಕೆಯನ್ನು ಬಿಟ್ಟು ಮುಂದೆ ಹೋದವರು ಸಾಮಾನ್ಯವಾಗಿ ತಪ್ಪು ಕಡೆ ಶ್ರಮ ಹಾಕುತ್ತಾರೆ. ಬಿದಿರಿನ ಹಲ್ಲುಜ್ಜುವ ಬ್ರಷ್ಷನ್ನು ದುಬಾರಿ ಬೆಲೆಗೆ ತರಿಸಿಕೊಂಡು, ಪ್ರತಿ ಸಂಜೆ ಮೊಳ ಮಲ್ಲಿಗೆಯನ್ನು ಕವರಿನಲ್ಲಿ ತರುವ ಮನೆಗಳು ಕಡಿಮೆಯೇನಿಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಪಾರ್ಸೆಲ್ ಗುಡ್ಡೆ ದೊಡ್ಡದಿರುತ್ತದೆ, ಶಾಲೆಗೆ ಹೋಗುವ ಮಕ್ಕಳಿರುವಲ್ಲಿ ಕುರುಕಲು ತಿಂಡಿಯದು, ನಿತ್ಯಪೂಜೆ ಇರುವಲ್ಲಿ ಹೂವು, ಊದುಬತ್ತಿ, ಕರ್ಪೂರದ ಪೊಟ್ಟಣಗಳದು. ಎಲ್ಲಕ್ಕಿಂತ ದೊಡ್ಡದಾದ ಎರಡು ಗುಡ್ಡೆಗಳನ್ನಷ್ಟೇ ಮೊದಲು ಕೈಗೆತ್ತಿಕೊಂಡರೆ ಸಾಕು.

ಚೀಲ, ಡಬ್ಬಿ ಮತ್ತು ಅಂಗಡಿ

ಹೊಸ ಬಟ್ಟೆ ಚೀಲ ಕೊಳ್ಳಬೇಡಿ ಎಂಬುದೇ ನನ್ನ ಮೊದಲ ಸಲಹೆ. ಹತ್ತಿ ಬೆಳೆಯಲು, ನೇಯಲು, ಬಣ್ಣ ಹಾಕಲು ಸಾಕಷ್ಟು ನೀರೂ ವಿದ್ಯುತ್ತೂ ಖರ್ಚಾಗುವುದರಿಂದ, ಒಂದು ಬಟ್ಟೆ ಚೀಲವನ್ನು ವರ್ಷಗಟ್ಟಲೆ ಬಳಸಿದಾಗ ಮಾತ್ರ ಅದರಿಂದ ಲಾಭವಿದೆ. ಸಮಾರಂಭಗಳಲ್ಲಿ ಸಿಕ್ಕ ಹದಿನೈದು ಚೀಲಗಳನ್ನು ಬೀರುವಿನಲ್ಲಿ ಮಡಿಸಿಟ್ಟರೆ ಯಾವ ಲಾಭವೂ ಇಲ್ಲ. ಹಳೆಯ ಪ್ಯಾಂಟು, ಪರದೆ, ಹತ್ತಿ ಸೀರೆ ಇವುಗಳಲ್ಲಿ ಯಾವುದನ್ನಾದರೂ ಬೀದಿಯ ಟೈಲರ್ ಬಳಿ ಕೊಟ್ಟರೆ ಗಟ್ಟಿಯಾದ ಚೀಲ ಸಿದ್ಧವಾಗುತ್ತದೆ. ಒಂದು ಚೀಲ ಸ್ಕೂಟರಿನ ಡಿಕ್ಕಿಯಲ್ಲಿ, ಒಂದು ಕಚೇರಿಗೆ ಒಯ್ಯುವ ಬ್ಯಾಗಿನಲ್ಲಿ, ಒಂದು ಬಾಗಿಲ ಪಕ್ಕದ ಮೊಳೆಯಲ್ಲಿ ಇರಬೇಕು. ಅಡುಗೆಮನೆಯ ಕಪಾಟಿನಲ್ಲಿ ಇಡುವುದು ಬೇಡ, ಅಲ್ಲಿಟ್ಟದ್ದು ಹೊರಡುವಾಗ ನೆನಪಿಗೆ ಬರುವುದಿಲ್ಲ.

ಅಂಗಡಿಗಳಲ್ಲಿ ಬಟ್ಟೆ ಚೀಲವೆಂದು ಕೊಡುವ ಬಣ್ಣಬಣ್ಣದ ಚೀಲಗಳಲ್ಲಿ ಹೆಚ್ಚಿನವು ಬಟ್ಟೆಯವಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕನ್ನು ನೂಲಾಗಿಸಿ ಒತ್ತಿ ಮಾಡಿದ ನಾನ್‌ವೋವನ್ ಚೀಲಗಳವು. ಬೆಳಕಿಗೆ ಹಿಡಿದು ನೋಡಿದರೆ ಅಡ್ಡ ಉದ್ದ ಎಳೆಗಳ ಬದಲು ಸಾಲುಸಾಲು ಚುಕ್ಕೆಗಳು ಕಾಣುತ್ತವೆ. ಕೆಲವು ತಿಂಗಳ ಬಳಕೆ ಮತ್ತು ಬಿಸಿಲಿನಲ್ಲಿ ಅವು ಪುಡಿಯಾಗಿ ಉದುರುತ್ತವೆ, ಆ ಪುಡಿಯನ್ನು ಗುಡಿಸಿ ತೆಗೆಯುವುದೂ ಕಷ್ಟ. ಇನ್ನೊಂದು ಕಡೆ, ಅಮ್ಮಂದಿರು ಹೆಣೆದ ಅಥವಾ ಸಂತೆಯಲ್ಲಿ ಕೊಂಡ ವೈರ್ ಬುಟ್ಟಿ ಪ್ಲಾಸ್ಟಿಕ್ಕಿನದೇ ಆದರೂ ಇಪ್ಪತ್ತು ವರ್ಷ ಬಾಳುತ್ತದೆ. ಪ್ಲಾಸ್ಟಿಕ್ ಎಂಬ ಒಂದೇ ಕಾರಣಕ್ಕೆ ಅದನ್ನು ಎಸೆದು ಸೆಣಬಿನ ಚೀಲ ತರುವುದರಲ್ಲಿ ಅರ್ಥವಿಲ್ಲ, ಏಕೆಂದರೆ ನಮ್ಮ ತಕರಾರು ಇರುವುದು ಒಮ್ಮೆ ಬಳಸಿ ಎಸೆಯುವುದರ ಮೇಲೆ.

ತರಕಾರಿ ಕೊಳ್ಳುವಾಗ ಪ್ರತಿಯೊಂದಕ್ಕೂ ಬೇರೆ ಕವರ್ ಬೇಕೆನ್ನುವುದು ಒಂದು ಅಭ್ಯಾಸ ಮಾತ್ರ. ಆಲೂಗಡ್ಡೆ, ಈರುಳ್ಳಿ, ಕ್ಯಾರೆಟ್ ಮೊದಲು ಚೀಲಕ್ಕೆ ಬೀಳಲಿ, ಅವುಗಳ ಮೇಲೆ ಹುರುಳಿಕಾಯಿ, ಬದನೆ, ಕೊನೆಗೆ ಟೊಮೆಟೊ ಮತ್ತು ಸೊಪ್ಪು. ಮನೆಗೆ ಬಂದು ಬಿಡಿಸಿ ಇಡುವುದಕ್ಕೆ ಐದು ನಿಮಿಷ ಸಾಕು. ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿಗೆ ಹಳೆಯ ಪಂಚೆಯಿಂದ ಹೊಲಿದ ಸಣ್ಣ ಚೀಲಗಳು ಎರಡಿದ್ದರೆ ಚೆನ್ನ. ಹೂವಿಗೆ ಒಂದು ಸ್ಟೀಲ್ ಡಬ್ಬಿ ಒಯ್ಯಬಹುದು, ಇಲ್ಲವೇ ಬಾಳೆ ಎಲೆಯ ತುಂಡಿನಲ್ಲಿ ಕಟ್ಟಿಕೊಡಿ ಎಂದು ಕೇಳಬಹುದು. ಹೂವು ಮಾರುವವರ ಬುಟ್ಟಿಯಲ್ಲಿ ಬಹುತೇಕ ಬಾಳೆ ಎಲೆ ಇದ್ದೇ ಇರುತ್ತದೆ. ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ‘ಪರಿಷೆಗೆ ಬನ್ನಿ, ಕೈಚೀಲ ತನ್ನಿ’ ಎಂಬ ಪ್ರಚಾರ ನಡೆದಿದೆ. ಕಾರ್ತಿಕ ಮಾಸದ ಕೊನೆಯ ಸೋಮವಾರದ ಆ ಜನಜಂಗುಳಿಯಲ್ಲಿ ಕಡಲೆಕಾಯಿಯನ್ನು ಸೇರಿನಲ್ಲಿ ಅಳೆದು ನೇರವಾಗಿ ಚೀಲಕ್ಕೆ ಸುರಿಸಿಕೊಳ್ಳಬಹುದಾದರೆ ವಾರದ ಸಂತೆಯಲ್ಲಿ ಆಗದಿರಲು ಕಾರಣವಿಲ್ಲ.

ಮಾಂಸ, ಮೀನಿಗೆ ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬಿಯೇ ಸರಿ. ಡಬ್ಬಿಯ ತೂಕವೂ ಸೇರಿಬಿಡುತ್ತದೆಂಬ ಅಳುಕು ಇದ್ದರೆ, ಖಾಲಿ ಡಬ್ಬಿಯನ್ನು ಮೊದಲು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿಸಿ. ಎಲೆಕ್ಟ್ರಾನಿಕ್ ತಕ್ಕಡಿಗಳಲ್ಲಿ ಅದಕ್ಕೆಂದೇ ಒಂದು ಗುಂಡಿ ಇರುತ್ತದೆ. ದಿನಸಿಯನ್ನು ಬಿಡಿಯಾಗಿ ತೂಗಿ ಕೊಡುವ ಅಂಗಡಿ ನಿಮ್ಮ ಬೀದಿಯಲ್ಲಿ ಉಳಿದಿದ್ದರೆ ತಿಂಗಳ ಪಟ್ಟಿಯನ್ನೂ ಚೀಲಗಳನ್ನೂ ಒಟ್ಟಿಗೆ ಅಲ್ಲಿ ಕೊಟ್ಟು ಬರಬಹುದು. ರಾಗಿ, ಗೋಧಿಯನ್ನು ಕಾಳಾಗಿ ಕೊಂಡು ಗಿರಣಿಯಲ್ಲಿ ಬೀಸಿಸಿದರೆ ಹಿಟ್ಟಿನ ಪ್ಯಾಕೆಟ್ ತಪ್ಪುತ್ತದೆ, ಗಾಣದ ಎಣ್ಣೆಗೆ ಸ್ವಂತ ಕ್ಯಾನ್ ಒಯ್ದರೆ ಎಣ್ಣೆಯ ಪ್ಯಾಕೆಟ್ಟೂ ತಪ್ಪುತ್ತದೆ. ಬಿಡಿಯಾಗಿ ಸಿಗದ ಕಡೆ ಅರ್ಧ ಕೆಜಿಯ ಹತ್ತು ಪೊಟ್ಟಣಗಳ ಬದಲು ಐದು ಕೆಜಿಯ ಒಂದು ಚೀಲ ತರುವುದು ಎರಡನೆಯ ದಾರಿ. ಈ ಲೆಕ್ಕವನ್ನು ಚಿಪ್ಸಿಗೆ ಅನ್ವಯಿಸಬಾರದು, ದೊಡ್ಡ ಪೊಟ್ಟಣ ತಂದಷ್ಟೂ ತಿನ್ನುವುದು ಹೆಚ್ಚುತ್ತದೆ.

ಹಾಲಿನ ಪ್ಯಾಕೆಟ್ಟಿನ ಮೂಲೆ

ದಿನಕ್ಕೆ ಅರ್ಧ ಲೀಟರಿನ ಎರಡು ಪ್ಯಾಕೆಟ್ ತರುವ ಮನೆಯಿಂದ ವರ್ಷಕ್ಕೆ 730 ಪ್ಯಾಕೆಟ್‌ಗಳು ಹೊರಬೀಳುತ್ತವೆ. ಅದರ ಬದಲು ಲೀಟರಿನ ಒಂದು ಪ್ಯಾಕೆಟ್ ತಂದರೆ ಸಂಖ್ಯೆ ಅರ್ಧಕ್ಕಿಳಿಯುವುದಲ್ಲದೆ, ಅಷ್ಟೇ ಹಾಲಿಗೆ ಬೇಕಾಗುವ ಹಾಳೆಯೂ ಕಡಿಮೆಯಾಗುತ್ತದೆ. ಹತ್ತಿರದಲ್ಲಿ ಹಸು ಸಾಕಿದವರಿದ್ದರೆ ತಂಬಿಗೆ ಹಿಡಿದು ಹೋಗುವ ಹಳೆಯ ಪದ್ಧತಿಗೆ ಸಮನಾದುದಿಲ್ಲ. ಮೊಸರಿನ ಪ್ಯಾಕೆಟ್ಟಂತೂ ಪೂರ್ತಿಯಾಗಿ ತಪ್ಪಿಸಬಹುದಾದದ್ದು, ರಾತ್ರಿ ಹೆಪ್ಪು ಹಾಕುವುದಕ್ಕೆ ಒಂದು ನಿಮಿಷವೂ ಬೇಡ.

ಪ್ಯಾಕೆಟ್ ಕತ್ತರಿಸುವ ರೀತಿ ಇಲ್ಲಿ ಮುಖ್ಯ. ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆದರೆ ಆ ಉಗುರಿನಷ್ಟಗಲದ ತುಂಡು ಯಾರ ಕೈಗೂ ಸಿಗದೆ ಬಚ್ಚಲ ನೀರಿನೊಡನೆಯೋ ಹಸಿಕಸದೊಡನೆಯೋ ಹೋಗಿ ಮಣ್ಣು ಸೇರುತ್ತದೆ. ಕತ್ತರಿಯನ್ನು ಮೂಲೆಯ ಮುಕ್ಕಾಲು ಭಾಗಕ್ಕೆ ನಿಲ್ಲಿಸಿ, ತುಂಡು ಪ್ಯಾಕೆಟ್ಟಿಗೆ ಅಂಟಿಕೊಂಡೇ ಇರುವಂತೆ ನೋಡಿಕೊಳ್ಳಬೇಕು. ಬಳಿಕ ಒಳಗೆ ನೀರು ಹಾಕಿ ಅಲ್ಲಾಡಿಸಿ, ಆ ನೀರನ್ನು ಗಿಡಕ್ಕೆ ಚೆಲ್ಲಿ, ಪ್ಯಾಕೆಟ್ಟನ್ನು ಕ್ಲಿಪ್ಪಿಗೆ ಸಿಕ್ಕಿಸಿ ಒಣಗಿಸಿದರೆ ವಾಸನೆ ಬರುವುದಿಲ್ಲ. ಹೀಗೆ ಒಣಗಿದ ಹಾಲಿನ ಪ್ಯಾಕೆಟ್‌ಗಳಿಗೆ ಗುಜರಿ ಅಂಗಡಿಯಲ್ಲಿ ಬೆಲೆಯಿದೆ. ಒಂದೇ ಬಗೆಯ ಪ್ಲಾಸ್ಟಿಕ್ಕಾದ ಪಾಲಿಥೀನಿನಿಂದ ಮಾಡಿದ್ದರಿಂದ ಅವು ಮರುಬಳಕೆಗೆ ಸುಲಭವಾಗಿ ಒದಗುತ್ತವೆ. ಒಳಗೆ ಬೆಳ್ಳಿಯಂತೆ ಹೊಳೆಯುವ ಚಿಪ್ಸ್, ಬಿಸ್ಕತ್ತಿನ ಪೊಟ್ಟಣಗಳು ಬೇರೆ ಬೇರೆ ಪದರಗಳನ್ನು ಅಂಟಿಸಿ ಮಾಡಿದವಾದ್ದರಿಂದ ಅವನ್ನು ಗುಜರಿಯವರು ಮುಟ್ಟುವುದಿಲ್ಲ.

ಹೋಟೆಲ್ಲಿನ ಪಾರ್ಸೆಲ್

ಕುದಿಯುವ ಸಾಂಬಾರನ್ನು ತೆಳು ಕವರಿಗೆ ಸುರಿದು, ಬಾಯಿಗೆ ದಾರ ಸುತ್ತಿ ಕೊಡುವುದನ್ನು ನಾವು ಸಹಜವೆಂದು ಒಪ್ಪಿಕೊಂಡಿದ್ದೇವೆ. ಚಹಾವನ್ನೂ ಹಾಗೆಯೇ ಕಟ್ಟಿಸಿಕೊಂಡು ಕಚೇರಿಗೆ ಒಯ್ಯುತ್ತೇವೆ. ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕಿ ಬೇಯಿಸುತ್ತಿರುವುದು ತಪಾಸಣೆಯಲ್ಲಿ ಕಂಡುಬಂದ ಮೇಲೆ, 2025ರ ಫೆಬ್ರವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ಅದರ ವಿರುದ್ಧ ಕ್ರಮಕ್ಕೆ ಮುಂದಾಯಿತು. ಬಿಸಿಯೂ ಎಣ್ಣೆಯೂ ಹುಳಿಯೂ ಸೇರಿದಾಗ ಪ್ಲಾಸ್ಟಿಕ್ಕಿನಲ್ಲಿರುವ ರಾಸಾಯನಿಕಗಳು ಆಹಾರಕ್ಕೆ ಇಳಿಯುವ ಸಾಧ್ಯತೆ ಹೆಚ್ಚುವುದರಿಂದ, ಕಸದ ಚಿಂತೆಯಿಲ್ಲದವರು ಕೂಡ ತಮ್ಮ ಹೊಟ್ಟೆಯ ಚಿಂತೆಯಿಂದ ಈ ಗುಡ್ಡೆಯನ್ನು ಮೊದಲು ಕರಗಿಸುವುದು ಒಳಿತು. ಪೇಪರ್ ಲೋಟವೂ ಇಲ್ಲಿ ಪರಿಹಾರವಾಗುವುದಿಲ್ಲ, ಏಕೆಂದರೆ ಕಾಗದ ನೆನೆಯದಂತೆ ಅದರ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪದರವನ್ನು ಬಳಿದಿರುತ್ತಾರೆ.

ಮೂರಂತಸ್ತಿನ ಸ್ಟೀಲ್ ಕ್ಯಾರಿಯರ್ ಇಂದಿಗೂ ಹಲವರ ಮನೆಯ ಅಟ್ಟದ ಮೇಲಿದೆ. ಅದನ್ನು ಇಳಿಸಿ ತೊಳೆದು, ಇಡ್ಲಿಗೊಂದು, ಚಟ್ನಿಗೊಂದು, ಸಾಂಬಾರಿಗೊಂದು ಅಂತಸ್ತು ಎಂದು ಇಟ್ಟುಕೊಳ್ಳಿ. ಬಿಲ್ ಮಾಡಿಸುವಾಗಲೇ ಅದನ್ನು ಕೌಂಟರ್ ಮೇಲಿಡಬೇಕು. ಪಾರ್ಸೆಲ್ ಕಟ್ಟಿಯಾದ ಮೇಲೆ ಡಬ್ಬಿ ತೋರಿಸಿದರೆ ಅವರು ಕಟ್ಟಿದ್ದನ್ನು ಬಿಚ್ಚಿ ಡಬ್ಬಿಗೆ ಸುರಿದು ಕವರನ್ನು ಅಲ್ಲೇ ಎಸೆಯುತ್ತಾರೆ, ನಮ್ಮ ಉದ್ದೇಶ ಅಲ್ಲಿಗೆ ಮುಗಿಯಿತು. ಜನ ತುಂಬಿರುವ ಹೊತ್ತಿನಲ್ಲಿ ಕೆಲವರು ಡಬ್ಬಿಗೆ ಹಾಕಿಕೊಡಲು ಹಿಂದೆಮುಂದೆ ನೋಡುತ್ತಾರೆ. ಎರಡು ಮೂರು ಬಾರಿ ಬಿಡುವಿನ ಸಮಯದಲ್ಲಿ ಹೋಗಿ ಪರಿಚಯವಾದರೆ ಆಮೇಲೆ ಅವರೇ ಡಬ್ಬಿ ಎಲ್ಲಿ ಎಂದು ಕೇಳುತ್ತಾರೆ. ಚಹಾ, ಕಾಫಿಗೆ ಫ್ಲಾಸ್ಕ್ ಒಯ್ಯಿರಿ, ಇಲ್ಲವೇ ಅಲ್ಲೇ ನಿಂತು ಸ್ಟೀಲ್ ಲೋಟದಲ್ಲೋ ಗಾಜಿನ ಲೋಟದಲ್ಲೋ ಕುಡಿದು ಬನ್ನಿ. ಎಳನೀರಿಗೆ ಸ್ಟ್ರಾ ಬೇಕೇಬೇಕೆಂದು ಯಾರು ಹೇಳಿದರೋ ತಿಳಿಯದು, ಬುರುಡೆಯನ್ನು ಎತ್ತಿ ಕುಡಿದರೆ ಅಂಗಿಯ ಮೇಲೆ ನಾಲ್ಕು ಹನಿ ಬೀಳಬಹುದು, ಅಷ್ಟೇ.

ಮದುವೆ ಮತ್ತು ಮನೆಯ ಸಮಾರಂಭಗಳು

ಒಂದು ಮನೆ ವರ್ಷವಿಡೀ ಉಳಿಸಿದ ಪ್ಲಾಸ್ಟಿಕ್ಕನ್ನು ಒಂದು ಗೃಹಪ್ರವೇಶದ ಮಧ್ಯಾಹ್ನದಲ್ಲಿ ಹಿಂದಿರುಗಿಸಿಬಿಡಬಹುದು. ಆದುದರಿಂದ ಈ ಭಾಗದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದು ಅಗತ್ಯ. ಸಮಾರಂಭದ ಪ್ಲಾಸ್ಟಿಕ್ ನಿರ್ಧಾರವಾಗುವುದು ಅಡುಗೆ ಭಟ್ಟರೋ ಗುತ್ತಿಗೆದಾರರೋ ಸಾಮಾನಿನ ಪಟ್ಟಿ ಬರೆಯುವಾಗ. ಬೇಳೆ, ಬೆಲ್ಲ, ತುಪ್ಪದ ಜೊತೆಯಲ್ಲಿ ಮೇಜಿಗೆ ಹಾಸುವ ಪೇಪರ್ ರೋಲ್, ಕಾಲು ಲೀಟರಿನ ನೀರಿನ ಬಾಟಲಿಗಳು, ಪಾಯಸದ ಕಪ್, ಕಾಫಿಯ ಲೋಟ, ಐಸ್‌ಕ್ರೀಮಿನ ಚಮಚ ಎಲ್ಲವೂ ಆ ಪಟ್ಟಿಯಲ್ಲಿ ಸದ್ದಿಲ್ಲದೆ ಬಂದು ಕೂತಿರುತ್ತವೆ. ಮುಂಗಡ ಕೊಡುವ ಮೊದಲು ಪಟ್ಟಿಯನ್ನು ಓದಿ, ಇವುಗಳನ್ನು ಒಂದೊಂದಾಗಿ ಹೊಡೆದುಹಾಕಿ, ಪ್ರತಿಯೊಂದರ ಬದಲಿಗೆ ಏನು ಬರುತ್ತದೆ, ಅದನ್ನು ಯಾರು ತರುತ್ತಾರೆ, ಯಾರು ತೊಳೆಯುತ್ತಾರೆ ಎಂದು ಬರೆಯಿರಿ. ತೊಳೆಯುವವರು ಯಾರೆಂದು ಗೊತ್ತುಮಾಡದೆ ಸ್ಟೀಲ್ ಲೋಟ ತರಿಸಿದ ಎಷ್ಟೋ ಕಡೆ ಎರಡನೆಯ ಪಂಕ್ತಿಗೆ ಪೇಪರ್ ಲೋಟ ಬಂದಿರುವುದುಂಟು.

ಊಟಕ್ಕೆ ಬಾಳೆ ಎಲೆ ಇದ್ದರೆ ಮಾತೇ ಇಲ್ಲ. ಬಾಳೆ ಎಲೆಯ ಚಿತ್ರ ಮುದ್ರಿಸಿದ ಹಸಿರು ಹಾಳೆಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ, ಅವುಗಳ ಮೇಲೆ ಪ್ಲಾಸ್ಟಿಕ್ ಲೇಪವಿರುತ್ತದೆ. ಬಿಸಿ ಅನ್ನ ಬಡಿಸುವುದಕ್ಕೂ ಅವು ಯೋಗ್ಯವಲ್ಲ, ಊಟದ ನಂತರ ದನಕ್ಕೆ ಹಾಕುವುದಕ್ಕೂ ಯೋಗ್ಯವಲ್ಲ. ಬಯಲುಸೀಮೆಯಲ್ಲಿ ಮುತ್ತುಗದ ಎಲೆ, ಮಲೆನಾಡು ಕರಾವಳಿಗಳಲ್ಲಿ ಅಡಿಕೆ ಹಾಳೆಯ ತಟ್ಟೆ ಸುಲಭವಾಗಿ ದೊರೆಯುತ್ತವೆ, ಪಾಯಸಕ್ಕೂ ಹಾಳೆಯ ಬಟ್ಟಲುಗಳಿವೆ. ನಿಂತು ಉಣ್ಣುವ ಬಫೆಗೆ ಹಾಳೆ ತಟ್ಟೆ ಗಟ್ಟಿಯಾಗಿ ನಿಲ್ಲುತ್ತದೆ. ಸ್ಟೀಲ್ ತಟ್ಟೆ ಲೋಟಗಳು ಶಾಮಿಯಾನದ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತವೆ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆ ನಡೆಸುವ ಪ್ಲೇಟ್ ಬ್ಯಾಂಕಿನಂಥ ವ್ಯವಸ್ಥೆಗಳೂ ಇವೆ, ಅಲ್ಲಿಂದ ತಟ್ಟೆ ಲೋಟಗಳನ್ನು ಪಡೆದು ಬಳಸಿ ಹಿಂದಿರುಗಿಸಬಹುದು.

ಎಷ್ಟು ಲೋಟ ಬೇಕೆಂಬ ಲೆಕ್ಕದಲ್ಲಿ ಜನ ಹೆದರುತ್ತಾರೆ. ಮುನ್ನೂರು ಜನ ನೂರರಂತೆ ಮೂರು ಪಂಕ್ತಿಯಲ್ಲಿ ಉಣ್ಣುವುದಾದರೆ ಮುನ್ನೂರು ಲೋಟ ಬೇಕಿಲ್ಲ, ಇನ್ನೂರು ಸಾಕು. ನೂರು ಎಲೆಯ ಮುಂದಿರುವಾಗ ಉಳಿದ ನೂರು ತೊಳೆದು ಸಿದ್ಧವಾಗುತ್ತವೆ. ನೀರು ಬಡಿಸಲು ಜಗ್ಗುಗಳೂ, ಹೊರಗೆ ಅಡ್ಡಾಡುವವರಿಗೆ ನಲ್ಲಿಯಿರುವ ದೊಡ್ಡ ಸ್ಟೀಲ್ ಡ್ರಮ್ಮೂ ಇರಲಿ. ತೊಳೆಯಲು ಬರುವವರಿಗೆ ಕೊಡುವ ಕೂಲಿಯನ್ನು ಬಾಟಲಿಗಳ ಬೆಲೆಯೊಡನೆ ಹೋಲಿಸಿ ನೋಡಿದರೆ ಎಷ್ಟೋ ವೇಳೆ ಉಳಿತಾಯವೇ ಕಾಣುತ್ತದೆ. ಬಂದ ನೆಂಟರಿಗೆ ಬಾಟಲಿ ಕೊಡದಿದ್ದರೆ ಏನೆಂದುಕೊಂಡಾರು ಎಂಬ ಮಾತು ಹಿರಿಯರಿಂದ ಬಂದೇ ಬರುತ್ತದೆ. ವಾದ ಮಾಡುವುದಕ್ಕಿಂತ, ಯಾವುದಾದರೂ ಮದುವೆಯಲ್ಲಿ ಪಂಕ್ತಿ ಎದ್ದ ಮೇಲೆ ಮೇಜಿನ ಮೇಲೆ ಎರಡು ಗುಟುಕು ಕುಡಿದು ಬಿಟ್ಟುಹೋದ ಬಾಟಲಿಗಳ ಸಾಲನ್ನು ಅವರಿಗೆ ತೋರಿಸಿದರೆ ಸಾಕು, ನೀರನ್ನು ಹಾಗೆ ಚೆಲ್ಲುವುದನ್ನು ಆ ತಲೆಮಾರು ಸಹಿಸುವುದಿಲ್ಲ.

ತಾಂಬೂಲದ ಚೀಲದ್ದು ಇನ್ನೊಂದು ಕತೆ. ವಧೂವರರ ಹೆಸರು, ಮದುವೆಯ ತಾರೀಖು ಮುದ್ರಿಸಿದ ನಾನ್‌ವೋವನ್ ಚೀಲವನ್ನು ಯಾರೂ ಸಂತೆಗೆ ಒಯ್ಯುವುದಿಲ್ಲ. ಏನನ್ನೂ ಮುದ್ರಿಸದ ಹತ್ತಿಯ ಚೀಲವನ್ನು ಎರಡು ಕೆಜಿ ತರಕಾರಿ ಹಿಡಿಸುವಷ್ಟು ದೊಡ್ಡದಾಗಿ ಹೊಲಿಸಿದರೆ ಅದು ನಿಜವಾಗಿ ಬಳಕೆಗೆ ಬರುತ್ತದೆ. ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆಯನ್ನು ಸೆರಗಿಗೋ ಕೈಗೋ ಕೊಡುವ ಮನೆಗಳೂ ಇವೆ, ಅಲ್ಲಿ ಚೀಲದ ಪ್ರಶ್ನೆಯೇ ಇಲ್ಲ. ಅರಿಶಿನ ಕುಂಕುಮದ ಪುಟ್ಟ ಪ್ಲಾಸ್ಟಿಕ್ ಪೊಟ್ಟಣಗಳ ಬದಲು ಬಟ್ಟಲು ಹಿಡಿದು ಹಚ್ಚುವುದು ನಮ್ಮ ರೂಢಿಯೇ ಆಗಿತ್ತು. ಥರ್ಮೋಕೋಲಿನಲ್ಲಿ ಹೆಸರು ಕತ್ತರಿಸಿ ವೇದಿಕೆಗೆ ಅಂಟಿಸುವುದು ನಿಷೇಧಿತವೆಂದು ಅಲಂಕಾರದವರಿಗೆ ಮೊದಲೇ ತಿಳಿಸಬೇಕು.

ಬಚ್ಚಲುಮನೆ ಮತ್ತು ಮೈಲಿಗೆಯ ಮಾತು

ಸ್ಯಾಶೆಗಳ ಬದಲು ದೊಡ್ಡ ಬಾಟಲಿ, ದ್ರವ ಸೋಪಿನ ಬದಲು ಸೋಪಿನ ಬಿಲ್ಲೆ, ಪ್ಲಾಸ್ಟಿಕ್ ಸ್ಕ್ರಬ್ಬರಿನ ಬದಲು ತೆಂಗಿನ ನಾರು ಅಥವಾ ಒಣಗಿದ ಹೀರೆಕಾಯಿಯ ಬಲೆ, ಸಾಧ್ಯವಿದ್ದವರಿಗೆ ಸೀಗೆಕಾಯಿ ಮತ್ತು ಅಂಟುವಾಳ: ಇವು ಸುಲಭದ ಬದಲಾವಣೆಗಳು. ಇದಕ್ಕಿಂತ ದೊಡ್ಡದೂ ಮಾತಿಗೆ ಬಾರದೂ ಆದದ್ದು ಸ್ಯಾನಿಟರಿ ಪ್ಯಾಡ್ ಮತ್ತು ಮಕ್ಕಳ ಡೈಪರ್. ಪ್ಯಾಡಿನ ಹೊರಪದರದಲ್ಲಿ ಪ್ಲಾಸ್ಟಿಕ್ ಇರುತ್ತದೆ, ಅದನ್ನು ಹೆಕ್ಕಿ ಬೇರ್ಪಡಿಸುವ ಕೆಲಸ ಪೌರಕಾರ್ಮಿಕರ ಬರಿಗೈಗೆ ಬೀಳಬಾರದು. ಮುಟ್ಟಿನ ಕಪ್ ಸಿಲಿಕೋನಿನದಾಗಿದ್ದು, ಸರಿಯಾಗಿ ಕುದಿಸಿ ಇಟ್ಟುಕೊಂಡರೆ ವರ್ಷಗಟ್ಟಲೆ ಬರುತ್ತದೆ. ಕರ್ನಾಟಕ ಸರ್ಕಾರ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ‘ಮೈತ್ರಿ’ ಎಂಬ ಹೆಸರಿನಲ್ಲಿ ಹದಿಹರೆಯದ ಹುಡುಗಿಯರಿಗೆ ಇದನ್ನು ಪ್ರಾಯೋಗಿಕವಾಗಿ ವಿತರಿಸಿದೆ. ಕಪ್ ಒಗ್ಗದವರು ಬಟ್ಟೆಯ ಪ್ಯಾಡ್ ಬಳಸಬಹುದು, ಆದರೆ ಅದು ಬಿಸಿಲಿನಲ್ಲಿ ಬಹಿರಂಗವಾಗಿ ಒಣಗಬೇಕು, ಮೂಲೆಯಲ್ಲಿ ಬೇರೆ ಬಟ್ಟೆಯ ಕೆಳಗೆ ಮರೆಯಾಗಿ ಒಣಗಿಸಿದರೆ ಸೋಂಕಿಗೆ ದಾರಿ. ಈ ವಿಷಯದಲ್ಲಿ ನಿರ್ಧಾರ ಬಳಸುವವರದೇ ಆಗಿರಬೇಕು, ಮನೆಯ ಪ್ಲಾಸ್ಟಿಕ್ ಲೆಕ್ಕ ಇಟ್ಟವರದಲ್ಲ. ಮಗುವಿಗೆ ಹಗಲು ಹಳೆಯ ಹತ್ತಿ ಸೀರೆಯ ಬಟ್ಟೆ, ಪ್ರಯಾಣಕ್ಕೆ ಮಾತ್ರ ಡೈಪರ್ ಎಂದು ಮಾಡಿಕೊಂಡರೂ ಸಂಖ್ಯೆ ಬಹಳ ಇಳಿಯುತ್ತದೆ.

ಉಳಿದದ್ದನ್ನು ಏನು ಮಾಡುವುದು

ಎಷ್ಟೇ ಮಾಡಿದರೂ ಒಂದಿಷ್ಟು ಪ್ಲಾಸ್ಟಿಕ್ ಉಳಿಯುತ್ತದೆ. ಅದನ್ನು ತೊಳೆದು ಒಣಗಿಸಿ ಒಣಕಸದಲ್ಲಿ ಕೊಡಬೇಕು. ಸಾಂಬಾರು ಮೆತ್ತಿದ ಡಬ್ಬಿ ಒಣಕಸವಾಗುವುದಿಲ್ಲ. ಬೆಂಗಳೂರಿನಲ್ಲಿ ಹೈಕೋರ್ಟಿನ 2015ರ ಆದೇಶದಂತೆ ಹಸಿಕಸಕ್ಕೆ ಹಸಿರು ಬಕೆಟ್, ಸ್ಯಾನಿಟರಿ ಕಸಕ್ಕೆ ಕೆಂಪು ಬಕೆಟ್, ಒಣಕಸಕ್ಕೆ ಚೀಲ ಎಂಬ ಕ್ರಮವಿದೆ. ಹಸಿಕಸದ ಬಕೆಟ್ಟಿಗೆ ಕಪ್ಪು ಕವರ್ ಹಾಸುವ ಬದಲು ಪತ್ರಿಕೆಯ ಎರಡು ಹಾಳೆಗಳನ್ನು ಅಡ್ಡ ಉದ್ದ ಹಾಕಿದರೆ ಬಕೆಟ್ ಅಂಟಾಗುವುದಿಲ್ಲ. ಮಣ್ಣಿನಲ್ಲಿ ಕರಗುತ್ತದೆಂದು ಹೇಳುವ ಕಾಂಪೋಸ್ಟಬಲ್ ಚೀಲಗಳ ಬಗ್ಗೆ ಎಚ್ಚರವಿರಲಿ: ಅವು ಹೆಚ್ಚಿನ ಶಾಖವಿರುವ ದೊಡ್ಡ ಗೊಬ್ಬರ ಘಟಕಗಳಿಗೆ ಎಂದು ಮಾಡಿದವು, ಹಿತ್ತಿಲ ಗುಂಡಿಯಲ್ಲಿ ಬೇಗ ಕರಗುವುದಿಲ್ಲ.

ಎರಡು ಕೆಲಸಗಳನ್ನು ಮಾತ್ರ ಖಂಡಿತ ಮಾಡಬಾರದು. ಮೊದಲನೆಯದು, ಹಂಡೆಯ ಒಲೆ ಬೇಗ ಹತ್ತಲಿ ಎಂದು ಪ್ಲಾಸ್ಟಿಕ್ ಕವರ್ ತುರುಕುವುದು. ಪಿವಿಸಿಯಂಥ ಪ್ಲಾಸ್ಟಿಕ್ ಉರಿದಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದನ್ನು ಮೊದಲು ಉಸಿರಾಡುವವರು ಒಲೆಯ ಮುಂದೆ ಕುಳಿತವರೇ. ಎರಡನೆಯದು, ಮಿಕ್ಕ ಅನ್ನ, ಹಣ್ಣಿನ ಸಿಪ್ಪೆಯನ್ನು ಕವರಿನಲ್ಲಿ ಗಂಟು ಹಾಕಿ ರಸ್ತೆಯಂಚಿಗೆ ಇಡುವುದು. ದನಕ್ಕೆ ಗಂಟು ಬಿಚ್ಚಲು ಬಾರದು, ವಾಸನೆ ಹಿಡಿದು ಕವರಿನ ಸಮೇತ ನುಂಗುತ್ತದೆ, ಅದು ಕರಗದೆ ಮೊದಲ ಹೊಟ್ಟೆಯಲ್ಲೇ ಉಂಡೆಗಟ್ಟುತ್ತದೆ. ಪಶುವೈದ್ಯರು ಹೊಟ್ಟೆ ಕೊಯ್ದು ಹೊರತೆಗೆಯಬೇಕಾಗುತ್ತದೆ.

ಒಂದು ತಿಂಗಳಾದ ಮೇಲೆ ಅದೇ ಅಕ್ಕಿ ಚೀಲವನ್ನು ಮತ್ತೆ ಇಟ್ಟು ಎರಡನೆಯ ಎಣಿಕೆ ಮಾಡಿ. ಔಷಧದ ಪಟ್ಟಿಗಳು, ಮಕ್ಕಳ ಬಿಸ್ಕತ್ತಿನ ಪೊಟ್ಟಣಗಳು, ಕೊರಿಯರಿನ ಹೊದಿಕೆಗಳು ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತವೆ. ಔಷಧದ ಗುಡ್ಡೆಯನ್ನು ನೋಡಿ ಕೊರಗಬೇಕಾಗಿಲ್ಲ. ತರಕಾರಿ ಕವರಿನ ಗುಡ್ಡೆಯೂ ಇಳಿಯದಿದ್ದರೆ ಕಾರಣ ಬಹುಮಟ್ಟಿಗೆ ಒಂದೇ ಆಗಿರುತ್ತದೆ: ತಂದದ್ದನ್ನು ಸುರಿದ ಮೇಲೆ ಚೀಲ ಅಡುಗೆಮನೆಯಲ್ಲೇ ಉಳಿದಿದೆ. ಸುರಿದ ಕೂಡಲೇ ಕೊಡವಿ, ಬಾಗಿಲ ಪಕ್ಕದ ಮೊಳೆಗೆ ಅದನ್ನು ಮತ್ತೆ ತಗುಲಿಸುವ ಕೆಲಸವನ್ನು ಮನೆಯಲ್ಲಿ ಒಬ್ಬರಿಗೆ ಒಪ್ಪಿಸಿ; ಎಂಟು ಹತ್ತು ವರ್ಷದ ಮಕ್ಕಳು ಇದನ್ನು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ.